ಮಹಾದೇವಿ ಕೂರದ ಬೆಂಚು

"ಮಹಾದೇವಿ, ನೀನು ಒಂದು ಸಲ ಹಾಲ್‌ಗೆ ಬಂದಿದ್ದೆಯಲ್ಲ, ಅದು ಯಾವ ತಿಂಗಳು?"

ಕಳೆದ ಮಂಗಳವಾರ ಫೋನಿನಲ್ಲಿ ನಾನು ಕೇಳಿದ್ದು ಇಷ್ಟೇ. ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು.

"ನಾ ಯಾವಾಗ ಬಂದಿದ್ನಿರೀ ಮೇಡಂ?"

"ಅದೇ, ದಾದರ್ ಬ್ರಿಜ್ಜಿನ ಕಥೆ ಹೇಳಿದ ದಿನ. ಮೂರನೇ ಬೆಂಚಿನಲ್ಲಿ, ಕಿಟಕಿ ಪಕ್ಕ ಕೂತಿದ್ದೆ."

"ನಾ ನಿಮ್ಮ ಹಾಲ್ ನೋಡೇ ಇಲ್ರೀ. ಸಯನ್ ಸ್ಟೇಷನ್‌ದಾಗ ಸುದ್ದಾ ಒಮ್ಮೆನೂ ಇಳದಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಇನ್ನೊಂದು ಸೀಟಿ ಆಯಿತು. "ಆಜಿ ಕರೀಲಿಕ್ಹತ್ಯಾರ, ಆಮ್ಯಾಲೆ ಮಾಡ್ತೀನ್ರಿ" ಎಂದು ಇಟ್ಟುಬಿಟ್ಟಳು.

ನೀವು ಕಣ್ಣಾರೆ ಕಂಡದ್ದನ್ನು, ಅದರಲ್ಲಿ ಇದ್ದವರೇ ಇಲ್ಲವೆಂದರೆ ಏನು ಮಾಡುತ್ತೀರಿ? ನಾನಾದರೆ ಡೈರಿ ತೆಗೆಯುತ್ತೇನೆ. (ನೆನಪನ್ನು ನಂಬದವರು ಡೈರಿ ಬರೆಯುತ್ತಾರೆ. ಬರೆದವರು ಅದನ್ನು ತೆರೆದು ನೋಡುವುದಿಲ್ಲ. ಎರಡೂ ಕಾಯಿಲೆ ನನಗಿದೆ.)

ಡೈರಿಯ ವಿಷಯಕ್ಕೆ ಬರುತ್ತೇನೆ. ಮೊದಲು ಈ ಪ್ರಶ್ನೆಯನ್ನು ನಾನು ಯಾಕೆ ಕೇಳಿದೆ ಎಂದು ಹೇಳಿಬಿಡಬೇಕು.

ಸಯನ್‌ನಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಂದು ಸಂಘದ ಹಾಲ್ ಇದೆ. ಅಲ್ಲಿ ಶನಿವಾರ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ನಾನು ಕನ್ನಡ ಕ್ಲಾಸ್ ನಡೆಸುತ್ತೇನೆ. ಒಂದೆರಡು ಪುಟ ಓದುವುದು, ಆಮೇಲೆ ಅದರ ಬಗ್ಗೆ ಮಾತಾಡುವುದು. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ. ನಾನೂ ಸೇರಿ ಒಟ್ಟು ಹದಿನಾಲ್ಕು ಜನ. ಮನೆಯಲ್ಲಿ ಕನ್ನಡ ಕೇಳಿ ಬೆಳೆದು, ಬಾಯಿ ತೆರೆದರೆ ಹಿಂದಿ ಬರುವ ಕಾಲೇಜು ಹುಡುಗಿ ನಿಧಿ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ಸುವರ್ಣರು. ಇಂಥವರೇ ಎಲ್ಲ.

ಕೊರೊನಾ ಬಂದಾಗ ಕ್ಲಾಸು ಆನ್‌ಲೈನ್ ಆಯಿತು. ಕೊರೊನಾ ಹೋಯಿತು, ಹಾಲ್‌ನ ಸ್ಲ್ಯಾಬ್ ಸೋರತೊಡಗಿತು, ರಿಪೇರಿ ಎಳೆಯಿತು, ನಾವು ಆನ್‌ಲೈನ್‌ನಲ್ಲೇ ಉಳಿದೆವು. ಮಹಾದೇವಿ ಸೇರಿದ್ದು ಆಗ. ಕಲಬುರಗಿ ಕಡೆಯವಳು. ನಾಲ್ಕನೇ ಇಯತ್ತೆವರೆಗೆ ಓದಿದವಳು. ವಿಕ್ರೋಳಿಯ ಒಂದು ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯಲ್ಲಿ ತೊಂಬತ್ತರ ಹತ್ತಿರದ ಮರಾಠಿ ಆಜಿಯೊಬ್ಬರನ್ನು, ಅಂದರೆ ಅಜ್ಜಿಯೊಬ್ಬರನ್ನು, ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುವುದು ಅವಳ ಕೆಲಸ. ಆಜಿ ಮೂರೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಆ ಒಂದೂವರೆ ಗಂಟೆ ಮಹಾದೇವಿ ಅಡುಗೆಮನೆಯ ಬಾಲ್ಕನಿಯಲ್ಲಿ ಫೋನ್ ಹಿಡಿದು ಕೂರುತ್ತಾಳೆ. ಆಜಿಯನ್ನು ಒಬ್ಬರೇ ಬಿಟ್ಟು ಹೊರಗೆ ಕಾಲಿಡುವಂತಿಲ್ಲ.

ವಿಕ್ರೋಳಿಯಿಂದ ಸಯನ್‌ಗೆ ಬರೀ ನಾಲ್ಕು ಸ್ಟೇಷನ್.

ಈಗ ಹಾಲ್ ಸಿದ್ಧವಾಗಿದೆ. ಎರಡು ತಿಂಗಳಿಂದ ಒಂದು ಶನಿವಾರ ಹಾಲ್, ಮುಂದಿನ ಶನಿವಾರ ಆನ್‌ಲೈನ್ ಎಂದು ನಡೆಸುತ್ತಿದ್ದೇವೆ. ಹೋದ ವಾರ ಸಂಘದ ಕಾರ್ಯದರ್ಶಿ ಸಾಲಿಯಾನರು ಒಂದು ಫಾರ್ಮ್ ಕೊಟ್ಟರು. ಅದರಲ್ಲಿ ಎರಡು ಚೌಕ. ಒಂದರ ಪಕ್ಕ ಆನ್‌ಲೈನ್, ಇನ್ನೊಂದರ ಪಕ್ಕ ಹಾಲ್. ಕೆಳಗೆ ಕಾರಣ ಬರೆಯಲು ನಾಲ್ಕು ಗೆರೆ.

"ಎರಡೂ ಒಟ್ಟಿಗೆ ಮಾತ್ರ ಬೇಡ ಟೀಚರ್" ಎಂದರು. "ಸಂಘದ ಸಭೆಗೆ ಒಮ್ಮೆ ದೊಡ್ಡ ಸ್ಕ್ರೀನ್ ಕಟ್ಟಿ ಮಾಡಿ ನೋಡಿದ್ದೇವಲ್ಲ. ಸ್ಪೀಕರ್ ಕೂಗಿದ ಕೂಗಿಗೆ ಕೆಳಗಿನ ಕ್ಲಿನಿಕ್ಕಿನ ಡಾಕ್ಟರೇ ಮೇಲೆ ಓಡಿ ಬಂದಿದ್ದರು. ಒಂದು ಹೇಳಿ. ಮುಂದಿನ ಶನಿವಾರದೊಳಗೆ."

ಹದಿಮೂರು ಜನಕ್ಕೆ ಯಾವುದಾದರೂ ನಡೆಯುತ್ತದೆ. ಮಹಾದೇವಿಗೆ ಮಾತ್ರ, ನಾನು ಹಾಲ್ ಎಂದು ಟಿಕ್ ಮಾಡಿದರೆ, ಕ್ಲಾಸ್ ಮುಗಿದಂತೆ.

ಗೊತ್ತಿದ್ದೂ ನನ್ನ ಪೆನ್ನು ಹಾಲ್ ಕಡೆಗೇ ಹೋಗುತ್ತಿತ್ತು. ಯಾಕೆ?

ಯಾಕೆಂದರೆ ಹಾಲ್‌ನಲ್ಲಿ ಮಾತು ಒಬ್ಬರಿಂದ ಒಬ್ಬರಿಗೆ ಹಾರುತ್ತದೆ. ಸುವರ್ಣರು ಒಂದು ಸಲ ಮಾತು ಶುರು ಮಾಡಿದರೆ ನಿಲ್ಲಿಸುವವರಲ್ಲ. ಹಿಂದೊಮ್ಮೆ ಹೀಗೇ ಹರಿಯುತ್ತಿದ್ದಾಗ ನಿಧಿ ಎದ್ದು ನಿಂತು, "ಅಂಕಲ್, ಎಲ್ಲಿ ಇಳೀತೀರಿ?" ಎಂದಳು. ಲೋಕಲ್ ಟ್ರೇನಿನಲ್ಲಿ ಓಡಾಡದವರಿಗಾಗಿ ಹೇಳುತ್ತೇನೆ: ಇಲ್ಲಿ ಸೀಟಿಲ್ಲದೆ ನಿಂತವರು ಕೂತವರನ್ನು ಹೀಗೆ ಕೇಳುತ್ತಾರೆ. ಅವರು ಕುರ್ಲಾ ಅಂದರೆ, ಕುರ್ಲಾದಿಂದ ಮುಂದಕ್ಕೆ ಆ ಸೀಟು ನಿಮ್ಮದು. ಬಾಯಿಮಾತಿನ ಕರಾರು. ಯಾರೂ ಮುರಿಯುವುದಿಲ್ಲ. ಸುವರ್ಣರು ಗಕ್ಕನೆ ನಿಂತು, ಯೋಚಿಸಿ, "ಇನ್ನು ಎರಡು ಸ್ಟೇಷನ್ ಉಂಟು ಮಗಾ, ತಡಿ" ಎಂದರು. ಅಂದಿನಿಂದ ಅದೇ ನಮ್ಮ ಕ್ಲಾಸಿನ ಕಾನೂನು. ಮಾತಾಡಬೇಕೆಂದರೆ ಮಾತಾಡುತ್ತಿರುವವರನ್ನು ಎಲ್ಲಿ ಇಳೀತೀರಿ ಎಂದು ಕೇಳಬೇಕು. ಅವರು ಇಳಿಯುವ ಜಾಗ ಹೇಳಲೇಬೇಕು.

ಆನ್‌ಲೈನ್‌ನಲ್ಲಿ ಇದೆಲ್ಲಿ ಬಂತು? ಅಲ್ಲಿ ಕೈ ಎತ್ತುವ ಬಟನ್. ಹಳದಿ ಕೈ. ಎತ್ತಿದವರು ಕಾಯುತ್ತಾರೆ, ಕಾದು ಕಾದು ಹೇಳಬೇಕಾದ್ದು ಆರಿಹೋಗುತ್ತದೆ. ಕರೆದರೆ, "ಏನಿಲ್ಲ ಮೇಡಂ, ಅವರು ಹೇಳಿಬಿಟ್ಟರು" ಎನ್ನುತ್ತಾರೆ.

ಮತ್ತೆ ಮೌನ. ಹಾಲ್‌ನ ಮೌನಕ್ಕೆ ಫ್ಯಾನಿನ ಸದ್ದಿದೆ, ಯಾರದೋ ಬಳೆ ಇದೆ, ದೂರದಲ್ಲಿ ಟ್ರೇನ್ ಹಾದುಹೋಗುವುದಿದೆ. ಆ ಮೌನದಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಒಂದೇ ನೀರಿನಲ್ಲಿ ತೇಲುತ್ತಿರುತ್ತೇವೆ. ಆನ್‌ಲೈನ್‌ನಲ್ಲಿ ಎರಡು ಕ್ಷಣ ಮೌನವಾದರೆ ಸಾಕು, "ಹಲೋ, ಕೇಳಿಸ್ತಿದೆಯಾ?" ಎಂದು ನಾಲ್ಕು ಜನ ಕೂಗುತ್ತಾರೆ.

ಹೀಗೆ ವಾದ ಕಟ್ಟಿದೆ. ವಾದಕ್ಕೆ ಒಂದು ಸಾಕ್ಷಿ ಬೇಕಲ್ಲ? ಅದೂ ನನ್ನ ಬಳಿ ಇತ್ತು. ಈ ಕ್ಲಾಸಿನಲ್ಲಿ ನಡೆದ ಅತಿ ಚೆಂದದ ಚರ್ಚೆ. ಮಹಾದೇವಿ ಹೇಗೋ ಬಿಡುವು ಮಾಡಿಕೊಂಡು ಹಾಲ್‌ಗೆ ಬಂದಿದ್ದ ಒಂದೇ ಒಂದು ದಿನ. ಅದು ಯಾವ ತಿಂಗಳೆಂದು ಫಾರ್ಮಿನಲ್ಲಿ ಬರೆಯಬೇಕೆಂದೇ ನಾನು ಅವಳಿಗೆ ಫೋನ್ ಮಾಡಿದ್ದು.

ಆ ದಿನ ನನಗೆ ಹೇಗೆ ನೆನಪಿದೆ ಎಂದರೆ, ಮೋಡದ ಮಧ್ಯಾಹ್ನ. ಮುಂಬೈಯಲ್ಲಿ ನನಗೆ ಮೊದಲು ಏನು ಕಂಡಿತು ಎಂಬುದು ಚರ್ಚೆಯ ವಿಷಯ. ಒಬ್ಬರು ಸಮುದ್ರ ಅಂದರು, ಒಬ್ಬರು ಡಬಲ್ ಡೆಕ್ಕರ್ ಬಸ್ ಅಂದರು. ನಿಧಿ, "ನಾನು ಇಲ್ಲೇ ಹುಟ್ಟಿದ್ದು, ನನಗೆ ಫಸ್ಟ್ ಕಂಡಿದ್ದು ನರ್ಸ್" ಎಂದಳು. ನಕ್ಕೆವು. ಆಮೇಲೆ ಮೂರನೇ ಬೆಂಚಿನಿಂದ, ಕಿಟಕಿಯ ಸರಳುಗಳಿಗೆ ಬೆನ್ನು ಕೊಟ್ಟು ಕೂತಿದ್ದ ಮಹಾದೇವಿ ತಗ್ಗಿದ ದನಿಯಲ್ಲಿ ಶುರು ಮಾಡಿದಳು.

"ನನಗ ಕಂಡಿದ್ದು ಅಂಗಿರೀ. ಮದಿವ್ಯಾಗಿ ಎಂಟ ದಿನಕ್ಕ ಬಂದ್ವಿ. ದಾದರ್‌ದಾಗ ಇಳದ್ವಿ. ನಮ್ಮವರ ಎರಡೂ ಕೈಯಾಗ ಗಂಟು. ನನ್ನ ಅಂಗಿ ತುದಿ ಹಿಡ್ಕೊ, ಬಿಡಬ್ಯಾಡ ಅಂದ್ರು. ಹಿಡ್ಕೊಂಡೆ. ಬ್ರಿಜ್ ಮ್ಯಾಲ ಆ ಮಂದಿ ನೋಡಿ ತೆಲಿ ಗಿರ್ ಅಂತು, ಕಣ್ಣ ಮುಚ್ಚಿದೆ. ಬ್ರಿಜ್ ಇಳದ ಮ್ಯಾಲ ಕಣ್ಣ ತೆಗೀತೀನಿ, ಅಂಗಿ ಬ್ಯಾರೆ!"

"ಬೇರೆ ಅಂದರೆ?"

"ಬ್ಯಾರೆಯವರ ಅಂಗಿರೀ. ಯಾರೋ ವಯಸ್ಸಾದವರು. ನಡುವ ಎಲ್ಲೋ ನನ್ನ ಕೈಯಾಗಿನ ಅಂಗಿ ಬದಲಾಗಿಬಿಟ್ಟಿತ್ತು. ಅವರು ಹಿಂದ ತಿರುಗಿ ನೋಡಿರಲಿಲ್ಲ, ಕೊಸರಿರಲಿಲ್ಲ. ಸಾವಕಾಶ ನಡದಿದ್ರು. ಯಾರೋ ಹಿಡ್ಕೊಂಡಾರ ಅಂತ ಅವರಿಗೆ ಗೊತ್ತಿತ್ತು, ಅದಕ್ಕ ಸಾವಕಾಶ. ಕೆಳಗ ಬಂದು ನಿಂತು, ಅಬ್ ಛೋಡ್ ದೋ ಬೇಟಾ, ಪಹುಂಚ್ ಗಯೇ, ಅಂದ್ರು. ನನಗ ಆಗ ಹಿಂದಿ ಒಂದಕ್ಷರ ಬರ್ತಿರಲಿಲ್ರೀ. ಆದ್ರೂ, ಇನ್ನ ಬಿಡು ಮಗಳ, ಬಂದು ಮುಟ್ಟಿದ್ವಿ ಅಂದ್ರು ಅಂತ ತಿಳೀತು."

"ನಿನ್ನ ಗಂಡ?"

"ಹಿಂದಿಂದ ಬಂದ್ರು. ಅವರಿಗೆ ಪತ್ತೇನ ಇಲ್ಲ. ಹಿಂದ ಯಾರೋ ಅಂಗಿ ಜಗ್ಗತಿದ್ರು, ನೀನಾ ಅನ್ಕೊಂಡೆ ಅಂದ್ರು!"

ಎಲ್ಲಿ ಇಳೀತೀರಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅವಳ ಬೆಂಚಿನ ಕಡೆ ಬಾಗಿದ್ದರು. ಸುವರ್ಣರು ಎದ್ದು ಹೋಗಿ ಸ್ಟೀಲಿನ ಲೋಟದಲ್ಲಿ ನೀರು ತಂದು ಅವಳ ಮುಂದಿಟ್ಟರು. ಹೋಟೆಲಿನವರ ಅಭ್ಯಾಸ, ಮೊದಲು ನೀರು.

ಇಷ್ಟು ಸ್ಪಷ್ಟವಾಗಿದೆ ನನಗೆ. ಆ ಲೋಟದ ಹೊರಮೈಯಲ್ಲಿದ್ದ ಹನಿ ಕೂಡ ಕಾಣುತ್ತಿದೆ.

ಈಗ ಡೈರಿ. ಹಿಂದಿನ ಮಳೆಗಾಲದ ಒಂದು ಶನಿವಾರ, ನನ್ನದೇ ಗೀಚು ಅಕ್ಷರ: "ಆನ್‌ಲೈನ್. ನೆಟ್ ಎರಡು ಸಲ ಹೋಯಿತು. ಮಹಾದೇವಿ ದಾದರ್ ಬ್ರಿಜ್ ಕಥೆ ಹೇಳಿದಳು. ಆಜಿ ಮಲಗಿದ್ದರಿಂದ ಪಿಸುದನಿ. ಸುವರ್ಣರು ಲೋಟ ಎತ್ತಿ ಸ್ಕ್ರೀನಿಗೆ ಹಿಡಿದು, ಕುಡಿಯಮ್ಮಾ ಎಂದರು. ಬಗ್ಗಿ ಬಗ್ಗಿ ಕೇಳಿ ಕುತ್ತಿಗೆ ಹಿಡಿದಿದೆ. ಬಿಸಿನೀರಿನ ಶಾಖ."

ಅಷ್ಟೇ. ಆ ತಿಂಗಳು ನಮ್ಮ ಹಾಲ್‌ಗೆ ಬೀಗ ಹಾಕಿತ್ತು. ಒಳಗೆ ಸಿಮೆಂಟಿನ ಚೀಲಗಳಿದ್ದವು.

ನಾನು ಕುತ್ತಿಗೆ ಮುಟ್ಟಿ ನೋಡಿಕೊಂಡೆ.

ಆಮೇಲೆ ಒಂದೊಂದೇ ಬಿಡಿಸಿಕೊಂಡಿತು. ನಾವು ಬಾಗಿದ್ದು ನಿಜ. ಆದರೆ ಬೆಂಚಿನ ಕಡೆಗಲ್ಲ, ಹದಿಮೂರು ಮನೆಗಳಲ್ಲಿ ಹದಿಮೂರು ಸ್ಕ್ರೀನುಗಳ ಕಡೆಗೆ. ಅವಳ ಬೆನ್ನಿಗೆ ಸರಳುಗಳಿದ್ದದ್ದು ನಿಜ. ಅದು ವಿಕ್ರೋಳಿಯ ಬಾಲ್ಕನಿಯ ಗ್ರಿಲ್. ನೀರಿನ ಲೋಟವೂ ನಿಜ, ಅದು ದಾಟಬೇಕಾದ ದೂರವನ್ನು ಮಾತ್ರ ನನ್ನ ನೆನಪು ದಾಟಿಸಿಬಿಟ್ಟಿದೆ. (ಇದೂ ನಾನು ಈಗ ಕಟ್ಟಿಕೊಂಡ ವಿವರಣೆಯೇ ಇರಬಹುದು. ಎಚ್ಚರದಿಂದ ಓದಿ.)

ಸುವರ್ಣರಿಗೆ ಫೋನ್ ಮಾಡಿದೆ.

"ಮಹಾದೇವಿ ಹಾಲ್‌ಗೆ ಬಂದಿದ್ದಳಾ ಸುವರ್ಣರೇ?"

"ಎಂತ ಟೀಚರ್, ಬಾರದೆ? ನಾನೇ ಅಲ್ವಾ ನೀರು ಕೊಟ್ಟದ್ದು?"

"ಕೈಗೆ ಕೊಟ್ಟಿರಾ?"

"ಕೈಗೇ. ಲೋಟ ವಾಪಸ್ ತೆಗೊಳ್ಳುವಾಗ ಖಾಲಿ ಇತ್ತು ಮಾರಾಯ್ರೆ."

ಡೈರಿ ಓದಿ ಹೇಳಿದೆ. "ಹಾಗಾದರೆ ಆ ನೀರು ಕುಡಿದದ್ದು ಯಾರು?" ಎಂದರು. "ನಾನೇ ಇರಬೇಕು" ಎಂದು ತಾವೇ ಉತ್ತರ ಕೊಟ್ಟುಕೊಂಡರು.

ಇಬ್ಬರಿಗೂ ಒಂದೇ ಸುಳ್ಳು ನೆನಪು. ನಾವಿಬ್ಬರೂ ಈ ವಿಷಯ ಎಂದೂ ಮಾತಾಡಿಕೊಂಡವರಲ್ಲ. ಹೇಗೆ ಸಾಧ್ಯ? ನನಗೆ ಗೊತ್ತಿಲ್ಲ.

ಬುಧವಾರ ಮಧ್ಯಾಹ್ನ ಏನೋ ತೋಚದೆ ಸ್ಟೇಷನ್‌ಗೆ ಹೋಗಿ ಸ್ಲೋ ಟ್ರೇನ್ ಹತ್ತಿದೆ. ಕುರ್ಲಾ, ವಿದ್ಯಾವಿಹಾರ್, ಘಾಟ್‌ಕೋಪರ್, ವಿಕ್ರೋಳಿ. ಆ ಹೊತ್ತಿನ ಲೇಡೀಸ್ ಡಬ್ಬಿ ಅರ್ಧ ನಿದ್ದೆಯಲ್ಲಿರುತ್ತದೆ. ಹೂ ಕಟ್ಟುವವಳು ಕಟ್ಟುತ್ತಲೇ ತೂಗುತ್ತಿದ್ದಳು. ಕಿಟಕಿಯಲ್ಲಿ ಬಿಲ್ಡಿಂಗುಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಒಂದೊಂದರಲ್ಲೂ ನೂರು ಗ್ರಿಲ್, ಒಂದೊಂದು ಗ್ರಿಲ್ಲಿನ ಹಿಂದೆಯೂ ಯಾರೋ ಮಲಗಿದ್ದಾರೆ, ಯಾರೋ ಎಚ್ಚರವಿದ್ದಾರೆ ಎನಿಸುತ್ತಿತ್ತು. ವಿಕ್ರೋಳಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಹೋಗಿ ಬೆಲ್ ಒತ್ತಬಹುದಿತ್ತು. ಒತ್ತಿದರೆ ಆಜಿ ಏಳುತ್ತಾರೆ. ಎದುರಿನ ಟ್ರೇನ್ ಹತ್ತಿ ವಾಪಸ್ ಬಂದೆ.

ಬಾಗಿಲ ಬಳಿ ನಿಂತಿದ್ದವಳೊಬ್ಬಳು ನಮ್ಮ ಕ್ಲಾಸಿನ ಪ್ರಶ್ನೆಯನ್ನೇ ಹಿಂದಿಯಲ್ಲಿ ಕೇಳಿದಳು, "ಆಂಟಿ, ಕಹಾಂ ಉತರೋಗೇ?"

ಸಯನ್ ಎಂದೆ. ಆ ಕ್ಷಣದಲ್ಲಿ ಅದರ ಬಗ್ಗೆಯೂ ನನಗೆ ಪೂರ್ತಿ ಭರವಸೆ ಇರಲಿಲ್ಲ.

ಗುರುವಾರ ಮಹಾದೇವಿಯೇ ಫೋನ್ ಮಾಡಿದಳು. ಯಥಾಪ್ರಕಾರ ಪಿಸುದನಿ. ಫಾರ್ಮಿನ ವಿಷಯ ನಿಧಿ ಹೇಳಿಬಿಟ್ಟಿದ್ದಳು.

"ಹಾಲ್ ಅಂತ ಬರೀರಿ ಮೇಡಂ. ನನ್ನ ಒಬ್ಬಾಕಿ ಸಲುವಾಗಿ ಎಲ್ಲಾರೂ ಯಾಕ ಫೋನ್‌ದಾಗ ಕೂಡಬೇಕ್ರಿ? ನಾ ಬಿಡ್ತೀನಿ."

"ಬಿಟ್ಟು?"

"ಬಿಟ್ಟು ಏನ್ರಿ, ಆಜಿ ಜೋಡಿ ನಾನೂ ಮಲಗೂದು." ನಕ್ಕಳು. ಆಮೇಲೆ ನಗು ನಿಂತಿತು. "ಇಲ್ಲಿ ಎಲ್ಲಾರೂ ಕೇಳ್ತಾರ್ರಿ ನನಗ. ಔಷಧ ಕೊಟ್ಟ್ಯಾ, ಹಾಲ ಕಾಸಿದ್ಯಾ, ಗ್ಯಾಸ್ ಆರಿಸಿದ್ಯಾ. ಮನೀಗಿ ಹೋದ್ರ ಮಗಳು ಖಾನಾ ಬನಾ ಕ್ಯಾ, ಅಡಿಗಿ ಆತೇನು ಅಂತಾಳ. ನಿನಗ ಏನನಸ್ತದ ಅಂತ ಯಾರ್ ಕೇಳ್ತಾರ್ರಿ? ಶನಿವಾರ ನೀವಷ್ಟ ಕೇಳ್ತಿದ್ರಿ."

ಕೇಳ್ತಿದ್ರಿ ಎಂದಳು. ಆಗಲೇ ಹಿಂದಿನ ಕಾಲಕ್ಕೆ ಹೋಗಿಬಿಟ್ಟಿದ್ದಳು.

ಅಷ್ಟರಲ್ಲಿ ಅವಳೇ ಕೇಳಿದಳು.

"ಮೇಡಂ, ನಾ ಎಲ್ಲಿ ಕುಂತಿದ್ದೆ ಅಂದ್ರಿ?"

"ಮೂರನೇ ಬೆಂಚು. ಕಿಟಕಿ ಪಕ್ಕ."

"ಫ್ಯಾನ್ ಬಡೀತಿತ್ತೇನ್ರಿ ಅಲ್ಲಿ?"

"ನೇರ ಮೇಲೇ ಫ್ಯಾನು."

"ಸೀರಿ ಯಾವ್ದು ಉಟ್ಟಿದ್ದೆ?"

"ಹಸಿರು." ತಟ್ಟನೆ ಹೇಳಿದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು.

"ಹಸರ ಸೀರಿ ಐತ್ರಿ ನನ್ನ ಹಂತ್ಯಾಕ" ಎಂದಳು. "ಹಂಗಾದ್ರ ನಾ ಅಲ್ಲೇ ಕುಂತಿರ್ತೀನಿ ಬಿಡ್ರಿ. ಎಬ್ಬಸಬ್ಯಾಡ್ರಿ ನನ್ನ."

ಆ ದಿನ ಸಂಜೆ ಫಾರ್ಮ್ ಮುಂದಿಟ್ಟುಕೊಂಡು ಕೂತೆ. ಹಾಲ್ ಎಂದು ಹೇಳಲು ನನ್ನ ಬಳಿಯಿದ್ದ ಅತಿ ದೊಡ್ಡ ಸಾಕ್ಷಿ ಆನ್‌ಲೈನ್‌ನದ್ದು. ಹಾಗಾದರೆ ಆನ್‌ಲೈನ್ ಗೆದ್ದಿತೇ? ಅದೂ ಅಲ್ಲ. ಅಷ್ಟು ಚೆಂದದ ಒಂದು ದಿನವನ್ನು ಸ್ಕ್ರೀನಿನ ಮೇಲೆ ಬಿಟ್ಟುಬರಲು ನನ್ನ ನೆನಪಿಗೇ ಮನಸ್ಸಾಗಲಿಲ್ಲವಲ್ಲ! ಹೊತ್ತುಕೊಂಡು ಬಂದು, ಬೀಗ ಹಾಕಿದ್ದ ಹಾಲ್‌ನ ಬಾಗಿಲು ತೆಗೆದು, ಫ್ಯಾನ್ ಹಾಕಿ, ಬೆಂಚಿನ ಮೇಲೆ ಕೂರಿಸಿದೆ. ಸುವರ್ಣರೂ ಅದನ್ನೇ ಮಾಡಿದರು. ಯಾರೂ ಹೇಳಿಕೊಡದೆ.

ನಮಗೆ ಬೇಕಾದ್ದು ಏನೆಂದು ನಮ್ಮ ಸುಳ್ಳೇ ಹೇಳುತ್ತಿರಲಿಲ್ಲವೇ?

ಎರಡೂ ಚೌಕ ಖಾಲಿ ಬಿಟ್ಟೆ. ಕೆಳಗಿನ ಗೆರೆಯಲ್ಲಿ ಬರೆದೆ: "ಕ್ಲಾಸು ಹಾಲ್‌ನಲ್ಲೇ ನಡೆಯಲಿ. ಮೂರನೇ ಬೆಂಚಿನ ಮೇಲೆ ಒಂದು ಫೋನ್ ಇಡಲು ಅನುಮತಿ ಬೇಕು. ದೊಡ್ಡ ಸ್ಕ್ರೀನ್ ಬೇಡ. ಸ್ಪೀಕರ್ ಬೇಡವೇ ಬೇಡ."

ಶುಕ್ರವಾರ ಸಾಲಿಯಾನರು ಕನ್ನಡಕ ಏರಿಸಿ ಓದಿದರು. ಇಳಿಸಿ ಓದಿದರು.

"ಇದು ಆನ್‌ಲೈನಾ, ಹಾಲಾ? ಎರಡೇ ಚೌಕ ಉಂಟು ಟೀಚರ್. ನಾನು ಕಮಿಟಿಗೆ ಎಂತ ಹೇಳುವುದು?"

ಜೊತೆಗೆ ಬಂದಿದ್ದ ಸುವರ್ಣರು ಬಾಯಿ ಹಾಕಿದರು. "ಫೋರ್ತ್ ಸೀಟ್ ಅಂತ ಹೇಳಿ."

ಮೂವರು ಕೂರುವ ಸೀಟಿನಲ್ಲಿ ಸ್ವಲ್ಪ ಸ್ವಲ್ಪ ಸರಿದು ನಾಲ್ಕನೆಯವರಿಗೆ ತುದಿಯಲ್ಲಿ ಜಾಗ ಮಾಡಿಕೊಡುವುದು ನಮ್ಮ ಲೋಕಲ್‌ನ ಪದ್ಧತಿ. ಯಾವ ರೈಲ್ವೆ ಪುಸ್ತಕದಲ್ಲೂ ಅದು ಬರೆದಿರಲಾರದು. ಪ್ರತಿದಿನ ಡೊಂಬಿವಲಿಯಿಂದ ಬರುವ ಸಾಲಿಯಾನರಿಗೆ ಮತ್ತೆ ವಿವರಿಸುವ ಅಗತ್ಯವಿರಲಿಲ್ಲ. ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಟಿಕ್ ಹಾಕಿ, "ಕೂಗಾಟ ಆದರೆ ಮಾತ್ರ ಬಂದ್" ಎಂದರು.

ನಿನ್ನೆ ಶನಿವಾರ. ನಿಧಿ ತನ್ನ ಫೋನನ್ನು ಮೂರನೇ ಬೆಂಚಿನ ಮೇಲಿಟ್ಟಳು. ಅದು ಜಾರುತ್ತಿತ್ತು. ಸುವರ್ಣರು ಸ್ಟೀಲಿನ ಲೋಟದಲ್ಲಿ ನೀರು ತುಂಬಿ ತಂದು ಹಿಂದೆ ಒತ್ತಾಗಿ ಇಟ್ಟರು. ನಿಂತಿತು. ಪರದೆಯಲ್ಲಿ ಗ್ರಿಲ್ಲು, ಗ್ರಿಲ್ಲಿನ ಮುಂದೆ ಮಹಾದೇವಿ. ಹಸಿರು ಸೀರೆ ಉಟ್ಟಿದ್ದಳು.

"ಕಿಟಕಿ ಕಾಣವಲ್ದು. ಒಂಚೂರು ಹೊಳ್ಳಸ್ರೀ" ಎಂದಳು. ನಿಧಿ ಫೋನು ತಿರುಗಿಸಿದಳು. "ಹಾಂ, ಬೇವಿನ ಗಿಡ ಐತಿ. ಇದ ನೀವು ಹೇಳಿರಲಿಲ್ಲ ಮೇಡಂ."

ಇಷ್ಟು ವರ್ಷದಲ್ಲಿ ಆ ಮರ ಬೇವಿನದು ಎಂದು ನಾನು ಗಮನಿಸಿರಲಿಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಒಂದು ಸಲ ಪರದೆ ಕಪ್ಪಾಯಿತು. ಇನ್ನೊಂದು ಸಲ ನಾವೆಲ್ಲ ನಗುತ್ತಿದ್ದಾಗ ಅವಳಿಗೆ ಯಾಕೆಂದು ತಿಳಿಯಲಿಲ್ಲ, ಹೇಳುವಷ್ಟರಲ್ಲಿ ನಗು ಮುಗಿದಿತ್ತು. ಆದರೆ ಅವಳು ಮಾತು ಶುರು ಮಾಡಿದಾಗ ಎಲ್ಲರೂ ಬೆಂಚುಗಳಿಂದ ಎದ್ದು ಬಂದು ಫೋನಿನ ಸುತ್ತ ಬಾಗಿದರು. ನಿಧಿ ಕೇಳಿದಳು, "ಮಹಾದೇವಿ ಅಕ್ಕಾ, ಎಲ್ಲಿ ಇಳೀತೀರಿ?"

"ಆಜಿ ಎದ್ದ ಕೂಡ್ಲೆ" ಎಂದು ಪಿಸುಗುಟ್ಟಿದಳು.

ಮನೆಗೆ ಬಂದು ಡೈರಿ ಬರೆದೆ. "ಹಾಲ್. ಹಾಜರಿ: ಹದಿನಾಲ್ಕು." ಬರೆದ ಮೇಲೆ ಎಣಿಸಿದೆ. ಹದಿಮೂರು ಜನ, ಒಂದು ಫೋನು. ಪೆನ್ನು ಎತ್ತಿದೆ, ಇಳಿಸಿದೆ. ತಿದ್ದಲಿಲ್ಲ.

ಹೇಳಿ, ಈ ಸಲ ನನ್ನ ಡೈರಿ ಸುಳ್ಳು ಹೇಳಿತೇ?